ಏಳು ಅಂಗಿ ತೊಟ್ಟ ಬೋಗಿ

ಒಂದು ಒಗಟು: ಪ್ರಯಾಣಕ್ಕಂತ ಏಳು ಅಂಗಿ ತೊಟ್ಟ, ಆ ಅಂಗಿಗಳಿಂದಲೇ ಪ್ರಯಾಣ ತಪ್ಪಿತು, ಯಾರು? ತಲೆ ಕೆಡಿಸ್ಕೋಬೇಡಿ, ಉತ್ತರ ಮೇಲಿನ ತಲೆಬರಹದಲ್ಲೇ ಇದೆ.

ಡ್ರಾಯಿಂಗ್ ಮೇಷ್ಟ್ರು ಪಂಪಣ್ಣ ಮೇಜಿನ ಮೇಲೆ ಪುಟ್ಟ ರೈಲು ಕಟ್ಟಿದ್ದರು. ಹಳಿ, ಸುರಂಗ, ಎಂಜಿನ್ ಎಲ್ಲ ತಯಾರು. ಗೇಣುದ್ದದ ಪ್ಯಾಸೆಂಜರ್ ಬೋಗಿಯ ಮೇಲೆ ಮಾತ್ರ ಆರನೇ ಕೈ ಬಣ್ಣ ಒಣಗುತ್ತಿತ್ತು.

"ಬ್ರಷ್ಷಣ್ಣ, ಸಾಕು ಮಾರಾಯ," ಎಂದಿತು ಬೋಗಿ. "ಹುಟ್ಟಿ ಎರಡು ವರ್ಷ ಆಯ್ತು. ಒಂದೇ ಒಂದು ಸುತ್ತು ಓಡಿ ಬರ್ತೀನಿ, ಆಮೇಲೆ ಏನು ಬೇಕಾದ್ರೂ ಬಳಿ."

"ಕಿಟಕಿ ಕೆಳಗಿನ ಗೆರೆ ಸೊಟ್ಟಗಿದೆ. ಹೀಗೇ ಹೋದರೆ ಯಾರ ಮರ್ಯಾದೆ ಹೋಗೋದು? ಇನ್ನೊಂದೇ ಕೈ," ಎಂದು ಬ್ರಷ್ಷು ಏಳನೆಯದನ್ನೂ ಬಳಿಯಿತು.

ಅದೂ ಒಣಗಿತು. ಎಂಜಿನ್ ಎಳೆಯಿತು. ಬೋಗಿ ಸುರಂಗದ ಬಾಯಲ್ಲಿ ಗಕ್ಕನೆ ಸಿಕ್ಕಿಕೊಂಡಿತು.

"ದಪ್ಪ ಆಗಿದ್ದೀಯಲ್ಲೋ," ಎಂದಿತು ಸುರಂಗ. "ಮೇಷ್ಟ್ರು ನನ್ನ ಬಾಯಿಗೆ ಅಳತೆ ತೆಗೆದಾಗ ನೀನು ಬರಿಮೈಯಲ್ಲಿದ್ದೆ."

ಆಗ ಮೂಲೆಯಲ್ಲಿದ್ದ ಉಪ್ಪುಕಾಗದ ಎದ್ದು ಬಂತು, ಬಣ್ಣದ ಏಳು ಅಂಗಿಯನ್ನೂ ಉಜ್ಜಿ ತೆಗೆಯಿತು. ಬೋಗಿ ಬರಿ ಮರದ ಮೈಯಲ್ಲೇ ಒಂದು ಸುತ್ತು ಓಡಿತು.

ಈ ಉಪ್ಪುಕಾಗದದ ಭಾಗ ನಾನೇ ಕಟ್ಟಿದ್ದು, ಬೈಬೇಡಿ. ನಿಜವಾಗಿ ಆದದ್ದು ಇಷ್ಟು: ಸುರಂಗದಿಂದ ಬೋಗಿಯನ್ನು ಹಿಂದಕ್ಕೆಳೆದಾಗ ಪಕ್ಕದಲ್ಲಿ ಒಂದು ಗೀರು ಬಿದ್ದಿತ್ತು. ಬ್ರಷ್ಷು ಎಂಟನೇ ಕೈ ಶುರು ಮಾಡಿದೆ.