ನೊಗ ಬಿಚ್ಚುವ ಹೊತ್ತು

“ಗುರುಗಳೇ, ಕಟ್ಟಿಕೊಂಡವಳು ನಾನು, ಬಿಟ್ಟು ಹೊರಟವಳೂ ನಾನು. ನಡುವೆ ವಕೀಲರು, ಅಕ್ಕ, ಗೆಳತಿಯರು ಯಾಕೆ ಬೇಕು?” ಎಂದು ದಾಕ್ಷಾಯಿಣಿ ಕೇಳಿದಳು.

ಸೋಮವಾರ ಕೋರ್ಟಿನಲ್ಲಿ ಅವಳ ವಿಚ್ಛೇದನದ ವಿಚಾರಣೆಯಿತ್ತು. ಮಗಳು ತಂದೆಯ ಬಳಿಯೇ ಇರಲಿ ಎಂದು ಗಂಡನ ಕಡೆಯವರು ಹಟ ಹಿಡಿದಿದ್ದರು. ಅವಳಿಗೋ ಸಾಕು ಸಾಕಾಗಿತ್ತು. ಒಮ್ಮೆ ಮುಗಿದರೆ ಸಾಕು, ಅವರು ಹೇಳಿದ್ದಕ್ಕೆಲ್ಲ ಸಹಿ ಹಾಕಿಬಿಡೋಣ ಎಂದುಕೊಂಡಿದ್ದಳು. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಹೇಳಿಕೊಂಡು, ಒಡಹುಟ್ಟಿದ ಅಕ್ಕನಿಗೂ ಸುದ್ದಿ ಮುಟ್ಟಿಸಿರಲಿಲ್ಲ.

ಮುರಿಗಯ್ಯ ಗುರುಗಳು ನಕ್ಕರು. “ಭಲೇ ಗಟ್ಟಿಗಿತ್ತಿ! ನಿನ್ನಂಥವನೇ ಒಬ್ಬ ರೈತನಿದ್ದ, ಕೇಳು” ಎಂದು ಹೇಳತೊಡಗಿದರು.

ಆ ರೈತನ ಬಳಿ ಒಂದು ಜೋಡಿ ಎತ್ತುಗಳಿದ್ದವು. ಊರೆಲ್ಲ ಮೆಚ್ಚಿದ ಜೋಡಿ. ಆದರೆ ಊರಿಗೆ ಕಾಣುವುದೇ ಬೇರೆ, ನೊಗಕ್ಕೆ ಗೊತ್ತಿರುವುದೇ ಬೇರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎರಡೂ ಎತ್ತೇ, ಪಾಡು ಮಾತ್ರ ಅದೇ. ಒಂದು ದಿನ ಗಾಡಿಗೆ ಜೋಳದ ಚೀಲ ಹೇರಿಕೊಂಡು ದಿಬ್ಬ ಹತ್ತುವಾಗ ಎರಡೂ ಕೊಂಬಿಗೆ ಕೊಂಬು ಕೊಟ್ಟು ನಿಂತವು. ಇನ್ನು ಇವು ಒಂದೇ ನೊಗದಲ್ಲಿ ನಡೆಯುವುದಿಲ್ಲ ಎಂದು ರೈತ ತೀರ್ಮಾನಿಸಿದ. ತೀರ್ಮಾನವೇನೋ ಸರಿಯಾಗಿಯೇ ಇತ್ತು. ಅಲ್ಲಿಯೇ ಎತ್ತಿನ ಕೊರಳ ಹಗ್ಗಕ್ಕೆ ಕೈ ಹಾಕಿದ.

ಏರಿನಲ್ಲಿ ನಿಂತ ಹೇರುಗಾಡಿಯ ನೊಗವನ್ನು ಒಬ್ಬನೇ ಬಿಚ್ಚುವುದೆಂದರೆ ಹುಡುಗಾಟವೇ? ಎತ್ತಿನ ಕೊರಳು ಸರಿದರೆ ನೊಗ ಕಟ್ಟಿದ ಮುಂದಿನ ಮರ, ಮೂಕಿ, ಮೇಲೇಳುತ್ತದೆ, ಗಾಡಿ ಹಿಂದಕ್ಕೆ ಮಗುಚುತ್ತದೆ. ಆ ದಾರಿಯಲ್ಲೇ ಜೀವ ಸವೆಸಿದ್ದ ಒಬ್ಬ ಗಾಡಿಕಾರ ಇದನ್ನು ಕಂಡು, “ತಡಿಯಪ್ಪಾ, ನಾನೂ ಒಂದು ಕೈ ಹಾಕಲೇ?” ಎಂದ.

“ಎತ್ತು ನನ್ನದು, ಗಾಡಿ ನನ್ನದು. ನಿನ್ನ ದಾರಿ ನೀನು ನೋಡಿಕೋ” ಎಂದು ರೈತ ಸಿಡುಕಿದ. ಗಾಡಿಕಾರ ದೂರ ಸರಿದು ನಿಂತ.

ಅಷ್ಟರಲ್ಲಿ ಕೆಳಗಿನ ಹೊಲದಲ್ಲಿದ್ದ ರೈತನ ಅಕ್ಕ ಓಡಿ ಬಂದಳು. ಅವಳು ಎತ್ತುಗಳನ್ನು ನೋಡಲಿಲ್ಲ, ತಮ್ಮನ ಬಾಡಿದ ಮುಖ ನೋಡಿದಳು. “ಗಾಡಿಯ ವಿಚಾರ ನನಗೇನೂ ತಿಳಿಯದು. ನೀನು ಬೆಳಗಿನಿಂದ ಏನೂ ತಿಂದಿಲ್ಲ ಅನ್ನುವುದು ಮಾತ್ರ ತಿಳಿಯುತ್ತದೆ” ಎಂದು ಕೂರಿಸಿ ಮಜ್ಜಿಗೆ ಕುಡಿಸಿದಳು. ಅಕ್ಕನ ಮುಂದೆ ಎಂಥ ಬಿಗುಮಾನ? ಅವನು ಗಳಗಳನೆ ಅತ್ತುಬಿಟ್ಟ. ಅತ್ತು ಹಗುರಾದ ಮೇಲೆ ತಾನೇ ಗಾಡಿಕಾರನನ್ನು ಕೂಗಿ ಕರೆದ.

ಗಾಡಿಕಾರ ಹಗ್ಗ ಮುಟ್ಟಲಿಲ್ಲ. ಮೊದಲು ಚೀಲಗಳ ಮೇಲೆ ನಿದ್ದೆ ಹೋಗಿದ್ದ ರೈತನ ಮಗುವನ್ನು ಇಳಿಸಿ ಅಕ್ಕನ ಕೈಗೆ ಕೊಟ್ಟ. ಹಗ್ಗದೊಡನೆ ಗುದ್ದಾಡುತ್ತಿದ್ದ ಅಪ್ಪನಿಗೆ ಮಗು ಅಲ್ಲಿರುವುದು ಮರೆತೇ ಹೋಗಿತ್ತು! ಆಮೇಲೆ ಗಾಡಿಕಾರ ಗಾಲಿಯ ಹಿಂದೆ ಕಲ್ಲಿಟ್ಟ, ಚೀಲ ಇಳಿಸಿದ, ಮೂಕಿಯನ್ನು ಗಟ್ಟಿಯಾಗಿ ಹಿಡಿದು ನಿಂತು, “ಈಗ ಬಿಚ್ಚಪ್ಪಾ” ಎಂದ. ಹಗ್ಗ ಬಿಚ್ಚಿದವನು ರೈತನೇ. ಗಾಡಿ ಅಲುಗಲಿಲ್ಲ. ಎತ್ತುಗಳು ಒಂದನ್ನೊಂದು ಹಾಯದೆ ಎರಡು ಕಡೆಗೆ ಹೋಗಿ ಹುಲ್ಲು ಮೇಯತೊಡಗಿದವು.

ಮಗುವಿನ ಮಾತು ಬಂದಾಗಲೇ ದಾಕ್ಷಾಯಿಣಿಗೆ ತನ್ನ ಮಗಳು ನೆನಪಾಗಿದ್ದಳು. ಬಲ್ಲವರನ್ನು ಕೇಳದೆ ಸೋಮವಾರ ಯಾವುದಕ್ಕೂ ಸಹಿ ಹಾಕುವುದಿಲ್ಲ ಎಂದು ಅವಳು ಅಲ್ಲೇ ಗಟ್ಟಿ ಮಾಡಿಕೊಂಡಳು. ನಾಚಿಕೆ ಮಾತ್ರ ಬಿಡಲೊಲ್ಲದು.

“ವಕೀಲರನ್ನು ನಾಳೆಯೇ ಕಾಣುತ್ತೇನೆ, ಗುರುಗಳೇ. ಆದರೆ ಸಂಸಾರ ಮುರಿದುಕೊಂಡವಳು ಯಾವ ಮುಖ ಹೊತ್ತು ಅಕ್ಕನನ್ನು ಕರೆಯಲಿ?”

ಗುರುಗಳು ಅವಳನ್ನು ದಿಟ್ಟಿಸಿ ನೋಡಿದರು.

“ಬ್ರಹ್ಮಗಂಟು ಹಾಕುವ ದಿನ ಊರನ್ನೇ ಕರೆದು ಅಕ್ಕಿಕಾಳು ಹಾಕಿಸಿಕೊಂಡೆಯಲ್ಲವ್ವಾ, ಬಿಚ್ಚುವ ದಿನ ಒಬ್ಬಳೇ ನಿಲ್ಲಬೇಕು ಅಂತ ಯಾವ ಶಾಸ್ತ್ರ ಹೇಳಿತು?”