ಅಡಿವೆಪ್ಪ ಮಂದಿ ಮಾತು ಕೇಳಾಕ ಹೋದದ್ದು

ಎಲಿ ಅಡಿಕಿ ಆಮ್ಯಾಲ ಹಾಕ್ಕೊಳ್ಳೂಣಂತ, ಮೊದಲ ಫಕೀರವ್ವನ ಪಾಡು ಕೇಳ್ರಿ.

ಫಕೀರವ್ವಗ ಒಬ್ಬನೇ ಮಗ, ಅಡಿವೆಪ್ಪ. ಕೆಟ್ಟಾಂವಲ್ಲ, ಕುಡುಕನಲ್ಲ, ಆದ್ರ ಹೇಳಿದ್ದನ್ನ ಹೇಳಿದಂಗ ಮಾಡಾಂವ. ಹಾಲು ನೋಡ್ಕೋ ಅಂದ್ರ ಉಕ್ಕಿ ಚೆಲ್ಲೂತನಕ ನೋಡ್ಕೋಂತ ಕುಂಡ್ರಾಂವ. ಇಂಥವಗ ಹೆಣ್ಣು ಯಾರು ಕೊಡ್ತಾರ? ಅಂತೂ ಬಸಲಿಂಗಪ್ಪ ಅನ್ನಾಂವ, "ಒಂದು ನೌಕರಿ ಹಿಡೀಲಿ, ನಮ್ಮ ಮಗಳು ದ್ರಾಕ್ಷಾಯಣಿನ್ನ ಕೊಡ್ತೀವಿ," ಅಂದ. ಫಕೀರವ್ವ ಕಾಡಿ ಬೇಡಿ ಮಗನ್ನ ಕುಲಕರ್ಣಿ ಮೇಡಂ ಆಫೀಸಿಗೆ ಹಚ್ಚಿದ್ಲು. ಅಲ್ಲಿ ಕೆಲಸ ಏನಪಾ ಅಂದ್ರ, ಊರೂರಿಗೆ ಹೋಗಿ ಏಳೆಂಟು ಮಂದಿನ್ನ ಸುತ್ತಲ ಕುಂಡ್ರಿಸಿ, ನಳದ ನೀರಿನ ವಿಷಯ ತಗದು ಮಾತಾಡಿಸಿ, ಅವರು ಅಂದದ್ದನ್ನ ಬರಕೊಂಡು ಬರೂದು.

"ನೀ ಬಾಯಿ ಬಿಡಬ್ಯಾಡ, ಮಂದಿ ಮಾತಾಡ್ಲಿ," ಅಂದ್ರು ಮೇಡಂ.

"ಆತ್ರಿ," ಅಂದ. ಹೋದ, ಕುಂತ, ಬಾಯಿ ಬಿಡಲಿಲ್ಲ. ಹೆಸರು ಕೇಳಿದ್ರು, ಬಿಡಲಿಲ್ಲ. ಊರು ಕೇಳಿದ್ರು, ಬಿಡಲಿಲ್ಲ. ಹೆಂಗಸರು "ಪಾಪ, ಮೂಗ" ಅಂತ ರೊಟ್ಟಿ ಉಣಿಸಿ ಬಸ್ ಹತ್ತಿಸಿದ್ರು. ಆ ಸುದ್ದಿ ಸಂತ್ಯಾಗ ಕೇಳಿ ಫಕೀರವ್ವ ಸಂತಿ ಅರ್ಧಕ್ಕ ಬಿಟ್ಟು ಮನಿಗೆ ಓಡಿದ್ಲು. ಬೀಗರ ಕಿವಿಗೆ ಬಿದ್ರ ಹೆಂಗ?

ಮೇಡಂ ಬೈದ್ರು. "ಏ ಹುಚ್ಚಪ್ಪ, ಕೇಳಬೇಕೋ. ಯಾರರ ಒಂದು ಮಾತಂದ್ರ ಯಾಕ ಅಂತ ಕೇಳು. ಬುಡ ಸಿಗೂತನಕ ಬಿಡಬ್ಯಾಡ."

"ಆತ್ರಿ," ಅಂದ. ಮುಂದಿನ ಊರಾಗ ಒಂದು ಮನಿ ಮುಂದ ಮಂದಿ ಸುತ್ತಲ ಕುಂತಿದ್ರು. ಅಡಿವೆಪ್ಪನೂ ಕುಂತ.

"ನಮ್ಮವ್ವ ಹ್ವಾದ್ಲಪಾ," ಅಂದ ಮನಿ ಯಜಮಾನ.

"ಯಾಕ?"

"ವಯಸ್ಸಾಗಿತ್ತು."

"ಯಾಕ?"

"ಹುಟ್ಟಿ ಬಾಳ ವರ್ಷ ಆಗಿತ್ತಲ್ಲೋ ತಮ್ಮಾ."

"ಯಾಕ ಹುಟ್ಟಿದ್ಲು?"

ಹೆಣ ಹೊರಾಕ ಬಂದವರು ಹೆಣ ಬಿಟ್ಟು ಇವನ್ನ ಊರ ಅಗಸಿ ದಾಟೂತನಕ ಅಟ್ಟಿಸಿಕೊಂಡು ಬಂದ್ರು. ಅಂಗಿ ಹರಕೊಂಡು ಬಂದ ಮಗನ್ನ ನೋಡಿ ಫಕೀರವ್ವ, "ಶಿವನ, ಮದವಿಗಿಂತ ಮೊದಲ ಮಗ ಉಳೀತಾನೋ ಇಲ್ಲೋ," ಅಂತ ಹಣಿ ಬಡಕೊಂಡ್ಲು.

ಮೇಡಂ ಮತ್ತ ಬೈದ್ರು. "ಹಂಗ ಬೆನ್ನು ಹತ್ತಬ್ಯಾಡೋ. ಅವರು ಅಂದದ್ದನ್ನ ಅವರಿಗೇ ತಿರುಗಿ ಹೇಳಿ, ಹೌದಲ್ಲೋ ಅಂತ ಖಾತ್ರಿ ಮಾಡ್ಕೋ."

"ಆತ್ರಿ," ಅಂದ. ಈ ಸಲ ಎಂಟು ಹೆಂಗಸರು ಮನಸು ಬಿಚ್ಚಿ ಮಾತಾಡಿದ್ರು. ನೀರಿನ ಮಾತು ಅತ್ತಿ ಮಾತಿಗೆ ಹೊಳ್ಳಿತು. ಮರುದಿನ ಅಡಿವೆಪ್ಪ ಖಾತ್ರಿ ಮಾಡ್ಕೊಳ್ಳಾಕ ಅವರೊಳಗಿನ ಕಸ್ತೂರೆವ್ವನ ಮನಿಗೇ ಹೋದ. ಅತ್ತಿ ಬಾಗಲದಾಗ ಕಾಳು ಹಸನ ಮಾಡಾಕ ಹತ್ತಿದ್ಲು.

"ಕಸ್ತೂರೆವ್ವಾರ, ನಿಮ್ಮತ್ತಿ ಕದ್ದು ಬೆಲ್ಲ ತಿಂತಾಳ, ನಿಮಗ ಸಪ್ಪನ್ನ ಸಾರು ಬಡಸ್ತಾಳ ಅಂದ್ರಲ್ಲ, ಹೌದಲ್ಲೋ?"

ಅತ್ತಿ ಕೈಯಾಗಿನ ಮರ ಕೆಳಗ ಬಿತ್ತು. ಕಸ್ತೂರೆವ್ವ ಆವತ್ತ ತವರಿಗೆ ಹೋದ್ಲು.

ಮೇಡಂ ತಲಿ ಹಿಡಕೊಂಡು ಕುಂತ್ರು. "ಇದ ಕಡೀ ಸಲ, ಅಡಿವೆಪ್ಪ. ಜೀವ ಹೋದ್ರೂ ಯಾರ ಮುಂದೂ ಹೆಂಗಸರ ಹೆಸರು ಹೇಳಬ್ಯಾಡ. ಒಬ್ಬೊಬ್ಬರಿಗೆ ಒಂದೊಂದು ನಂಬರ್ ಕೊಡು, ನಂಬರ್ ಅಷ್ಟ ಹೇಳು."

"ಆತ್ರಿ," ಅಂದ. ಆ ಎಂಟೂ ಹೆಂಗಸರಿಗೆ ನಂಬರ್ ಕೊಟ್ಟ, ನೆಟ್ಟಗ ಬರದು ತಂದ. ಮೇಡಂಗ ನಂಬಿಕಿ ಬರಲಿಲ್ಲ, ಎರಡು ಸಲ ಓದಿದ್ರು. ನೌಕರಿ ಉಳೀತು, ಮದವಿ ಆತು. ಫಕೀರವ್ವನ ಕಾಲು ನೆಲಕ್ಕ ಹತ್ತಲಿಲ್ಲ.

ಸೊಸಿನ್ನ ಮನಿ ತುಂಬಿಸಿಕೊಳ್ಳೂ ಹೊತ್ತು. ಓಣಿ ಹೆಂಗಸರು ಬಾಗಲಕ್ಕ ಅಡ್ಡ ನಿಂತ್ರು. ಗಂಡ ಆದಾಂವ ಹೆಂಡ್ತಿ ಹೆಸರನ್ನ ಒಡಪಿನ್ಯಾಗ, ಅಂದ್ರ ಪ್ರಾಸದ ಪದದಾಗ, ಹೇಳಿದ ಮ್ಯಾಲ ಒಳಗ ಬಿಡೂದು, ಅದು ಪದ್ಧತಿ.

"ಹೆಸರು ಹೇಳೋ ಅಡಿವೆಪ್ಪ."

"ಹೇಳಂಗಿಲ್ಲ."

ಬೀಗರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಫಕೀರವ್ವ ಆರತಿ ತಾಟು ಹಿಡಕೊಂಡೇ, "ನಿನ್ನ ಕಾಲಿಗೆ ಬೀಳ್ತೀನಿ ಮಗನ, ಏನರ ಒಂದು ಹೇಳು," ಅಂದ್ಲು.

ಅಡಿವೆಪ್ಪ ಬಳ್ಳು ಮಡಚಿ ಎಣಿಸಿದ. ಎಂಟರ ತನಕ ನಂಬರ್ ಕೊಟ್ಟಾಗೇತಿ. ಗಂಟಲ ಸರಿ ಮಾಡ್ಕೊಂಡು ಹೇಳಿದ:

"ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ,
ಒಂಬತ್ತನೇ ನಂಬರಿನ ಹೆಂಗಸು ನಿಂತಾಳ, ಅಡ್ಡ ನಿಂತೀರಿ ಯಾಕ?"

ಬಸಲಿಂಗಪ್ಪ ಮುಂದ ಬಂದ.

"ಒಂಬತ್ತನೇದಾಕಿ? ಮತ್ತ ಆ ಎಂಟು ಮಂದಿ ಎಲ್ಲಿ ಅದಾರ?"

"ಏಳು ಮಂದಿ ಅವರವರ ಗಂಡನ ಮನ್ಯಾಗ ಅದಾರ್ರಿ ಮಾವಾರ," ಅಂದ ಅಡಿವೆಪ್ಪ. "ಒಬ್ಬಾಕಿ ಮಾತ್ರ ನನ್ನಿಂದ ತವರು ಸೇರ್ಯಾಳ. ಹೆಸರು ಕೇಳಬ್ಯಾಡ್ರಿ, ಜೀವ ಹೋದ್ರೂ ಹೇಳಂಗಿಲ್ಲ."