ಆಚೆ ದಂಡೆಯ ಜೀಪು

ಚಳಿಗಾಲಕ್ಕೆ ಹೆಬ್ಬಾತುಗಳು ನಮ್ಮೂರ ಕೆರೆಗೆ ಬಂದಿಳಿದಿದ್ದವು. ಅವುಗಳ ಹಿಂದೆಯೇ ಅಡಿವೆಪ್ಪಗೌಡರು ಹೊಸ ಜೀಪಿನಲ್ಲಿ ಬಂದರು, ಕೈಯಲ್ಲಿ ರೈಫಲ್ಲು ಹಿಡಿದು.

ಕೆರೆ ಕಾಯುವವನು ಕೈಮುಗಿದ. "ಈ ಹಕ್ಕಿ ಹೊಡದ್ರ ಜೇಲು ಆಗತೈತ್ರಿ, ಗೌಡ್ರ."

"ಕಾನೂನು ನನ್ನ ಕಿಸೇದಾಗ ಐತಿ."

"ಗುಂಡು ನೀರಿಗೆ ಬಡದು ಆಚೆ ದಂಡಿಗೆ ಚಿಮ್ಮಿದ್ರ?"

"ನನ್ನ ಗುಂಡು ಹಕ್ಕಿ ದಾಟಿ ಒಂದು ಗೇಣೂ ಹೋಗೂದಿಲ್ಲ!"

"ಹಂಗಾದ್ರ ಜೀಪು ಆಚೆ ದಂಡಿಗೆ ಕಳಸ್ರಿ. ಬಿದ್ದ ಹಕ್ಕಿ ತುಂಬಾಕ ಸಸಾರ ಆಗತೈತಿ."

ಗೌಡರಿಗೆ ಮಾತು ಹಿಡಿಸಿತು. ಡ್ರೈವರ್ ಕೆರೆ ಸುತ್ತಿ ಹೋಗಿ, ಕಾವಲುಗಾರ ಕೈ ಮಾಡಿ ತೋರಿಸಿದಲ್ಲಿ, ಹಕ್ಕಿಗಳ ನೇರಕ್ಕೇ ಜೀಪು ನಿಲ್ಲಿಸಿದ.

ಗೌಡರು ಗುರಿ ಹಿಡಿದರು. ಹೆಬ್ಬಾತಿನ ಕುತ್ತಿಗೆಯ ಹಿಂದೆಯೇ ಜೀಪಿನ ಗಾಜು ಫಳಫಳ ಹೊಳೆಯುತ್ತಿತ್ತು. ಬೆರಳು ಮಿಸುಕಲಿಲ್ಲ.

"ಜೀಪು ಸರಸಲೇ!" ಎಂದು ಚೀರಿದರು.

"ಸರಸ್ತೀನ್ರಿ," ಎಂದ ಕಾವಲುಗಾರ ಮೆಲ್ಲಗೆ. "ಅದರ ಬಗಲಾಗ ನಮ್ಮ ಹೆಣ್ಮಕ್ಳು ಮುಂಜಾನಿಂದ ಅರಿವಿ ಒಗ್ಯಾಕತ್ತಾರ. ಮೊದ್ಲು ಯಾರನ್ನ ಸರಸ್ಲಿ ಹೇಳ್ರಿ, ಜೀಪನ್ನೋ, ಅವರನ್ನೋ?"

ಗೌಡರು ರೈಫಲ್ಲಿನಿಂದ ಗುಂಡು ತೆಗೆದು ಕಿಸೆಗೆ ಹಾಕಿಕೊಂಡರು. ಜೀಪಿನ ತನಕ, ಕೆರೆಯ ಏರಿ ಸುತ್ತಿ, ಬಿಸಿಲಲ್ಲಿ ನಡೆದುಕೊಂಡೇ ಹೋದರು.